ಪಾಠಪುಸ್ತಕದಲ್ಲಿ ಮದ್ಯ: ಎರಡು ದೇಶಗಳ ಅನುಭವ

ಹದಿಹರೆಯದವರಿಗೆ ಮದ್ಯದ ಬಗ್ಗೆ ಶಾಲೆಯಲ್ಲಿಯೇ ಪಾಠ ಹೇಳಬೇಕೆಂಬ ವಿಚಾರ ಹೊಸದಲ್ಲ. ಅಮೆರಿಕದಲ್ಲಿ ಅದು ನೂರು ವರ್ಷಗಳಿಗೂ ಹಿಂದೆ ಕಾನೂನಾಗಿತ್ತು. ಆ ಪ್ರಯೋಗ ಎಲ್ಲಿ ಎಡವಿತು ಎಂಬುದನ್ನು ಇಂದಿನ ವಿದ್ಯಾರ್ಥಿಗಳೂ ತಿಳಿದಿರುವುದು ಒಳ್ಳೆಯದು.

1874ರಲ್ಲಿ ಅಲ್ಲಿ ಮಹಿಳಾ ಕ್ರೈಸ್ತ ಪಾನನಿರೋಧ ಸಂಘ ಸ್ಥಾಪನೆಯಾಯಿತು. ಗಂಡಂದಿರ ಕುಡಿತದಿಂದ ಹೆಂಡತಿ ಮಕ್ಕಳು ಪಡುತ್ತಿದ್ದ ಪಾಡೇ ಅದಕ್ಕೆ ಪ್ರೇರಣೆ. ಆಗ ಬಹುಪಾಲು ಮಹಿಳೆಯರಿಗೆ ಮತದಾನದ ಹಕ್ಕು ಸಹ ಇರಲಿಲ್ಲ. ಸಂಘದ ನಾಯಕಿಯರಲ್ಲೊಬ್ಬರಾದ ಮೇರಿ ಹಂಟ್ ರಸಾಯನಶಾಸ್ತ್ರ ಕಲಿಸಿದ್ದ ಅಧ್ಯಾಪಕಿ. ದೊಡ್ಡವರ ಚಟ ಬಿಡಿಸಲು ಹೆಣಗುವುದಕ್ಕಿಂತ ಮಕ್ಕಳಿಗೆ ಮೊದಲೇ ವಿಜ್ಞಾನದ ಮೂಲಕ ತಿಳಿವಳಿಕೆ ಕೊಡುವುದು ಮೇಲು ಎಂಬುದು ಅವರ ನಿಲುವು. 1882ರಲ್ಲಿ ವರ್ಮಾಂಟ್ ರಾಜ್ಯ ಇಂತಹ ಪಾಠವನ್ನು ಕಡ್ಡಾಯಗೊಳಿಸಿತು. 1901ರ ಹೊತ್ತಿಗೆ ಎಲ್ಲ ರಾಜ್ಯಗಳಲ್ಲೂ ಈ ಬಗೆಯ ಕಾನೂನು ಬಂದಿತ್ತು.

ಉದ್ದೇಶ ಒಳ್ಳೆಯದೇ. ತೊಂದರೆ ಇದ್ದದ್ದು ಪುಸ್ತಕಗಳಲ್ಲಿ. ಯಾವ ಪಠ್ಯ ಯೋಗ್ಯವೆಂಬುದಕ್ಕೆ ಹಂಟ್ ಅವರ ಒಪ್ಪಿಗೆಯ ಮುದ್ರೆ ಬೀಳುತ್ತಿತ್ತು. ಮದ್ಯ ಎಷ್ಟೇ ಅಲ್ಪವಾದರೂ ವಿಷವೇ, ಅದು ಯಾವ ರೀತಿಯಲ್ಲೂ ಆಹಾರವಾಗಲಾರದು ಎಂದು ಆ ಪುಸ್ತಕಗಳು ಬೋಧಿಸಿದವು. ಮಕ್ಕಳನ್ನು ಹೆದರಿಸುವ ಭರದಲ್ಲಿ ಉತ್ಪ್ರೇಕ್ಷೆಗಳೂ ಸೇರಿಕೊಂಡವು.

ಇದೇ ಕಾಲದಲ್ಲಿ ವಿಲ್ಬರ್ ಅಟ್‌ವಾಟರ್ ಎಂಬ ವಿಜ್ಞಾನಿ ಮನುಷ್ಯನೊಬ್ಬನನ್ನು ಕೋಣೆಯಂತಹ ಉಪಕರಣದೊಳಗೆ ಇರಿಸಿ, ಅವನ ದೇಹದಿಂದ ಹೊರಬೀಳುವ ಶಾಖವನ್ನು ಅಳೆಯುತ್ತಿದ್ದರು. ಸ್ವಲ್ಪ ಪ್ರಮಾಣದ ಮದ್ಯವನ್ನು ದೇಹ ದಹಿಸಿ ಶಕ್ತಿಯಾಗಿ ಬಳಸಿಕೊಳ್ಳುತ್ತದೆ ಎಂದು ಅವರ ಪ್ರಯೋಗಗಳು ತೋರಿಸಿದವು. ಇದರ ಅರ್ಥ ಕುಡಿಯುವುದು ಒಳ್ಳೆಯದೆಂದಲ್ಲ. ಆದರೂ ಪಾನನಿರೋಧವಾದಿಗಳು ಅವರ ಮೇಲೆ ಹರಿಹಾಯ್ದರು. 1903ರಲ್ಲಿ ‘ಐವತ್ತು ಮಂದಿಯ ಸಮಿತಿ’ ಎಂಬ ವಿದ್ವಾಂಸರ ಕೂಟ ಈ ಪಠ್ಯಪುಸ್ತಕಗಳನ್ನು ಕಟುವಾಗಿ ಟೀಕಿಸಿತು.

ವಿಚಿತ್ರವೆಂದರೆ, ಇಲ್ಲಿ ಉತ್ಪ್ರೇಕ್ಷೆಯ ಅಗತ್ಯವೇ ಇರಲಿಲ್ಲ. ಮದ್ಯ ಕ್ಯಾನ್ಸರ್‌ಗೂ ಕಾರಣವಾಗುತ್ತದೆಂದು ಇಂದು ನಮಗೆ ಗೊತ್ತು. ಆರೋಗ್ಯಕ್ಕೆ ಪೂರ್ಣ ಸುರಕ್ಷಿತವೆನ್ನಬಹುದಾದ ಪ್ರಮಾಣ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಹದಿಹರೆಯದಲ್ಲಿ ಮೆದುಳು ಇನ್ನೂ ಬೆಳೆಯುತ್ತಿರುತ್ತದೆ. ವಿವೇಚನೆಗೆ ಸಂಬಂಧಿಸಿದ ಭಾಗ ಪಕ್ವವಾಗುವುದು ಇಪ್ಪತ್ತು ದಾಟಿದ ಮೇಲೆ. ಇಷ್ಟು ನಿಜವೇ ಸಾಕಷ್ಟು ಗಂಭೀರವಾದದ್ದು. ಅದಕ್ಕೆ ಒಂದು ಸುಳ್ಳು ಬೆರೆತರೆ, ಸುಳ್ಳನ್ನು ಕಂಡುಹಿಡಿದ ವಿದ್ಯಾರ್ಥಿ ಉಳಿದ ನಿಜವನ್ನೂ ಅನುಮಾನಿಸುತ್ತಾನೆ.

ಹಾಗಾದರೆ ನಿಜ ಹೇಳಿಬಿಟ್ಟರೆ ಸಾಕೆ? ಸಾಲದು ಎನ್ನುತ್ತದೆ ಐಸ್‌ಲ್ಯಾಂಡಿನ ಅನುಭವ. 1998ರ ಸಮೀಕ್ಷೆಯಲ್ಲಿ ಅಲ್ಲಿನ 15-16ರ ವಯಸ್ಸಿನವರಲ್ಲಿ ಶೇಕಡ 42 ಮಂದಿ, ಹಿಂದಿನ ಒಂದು ತಿಂಗಳಲ್ಲಿ ಕುಡಿದು ಅಮಲೇರಿದ್ದುಂಟು ಎಂದಿದ್ದರು. ಆ ದೇಶ ಉಪದೇಶವನ್ನಷ್ಟೇ ನೆಚ್ಚಿ ಕೂರಲಿಲ್ಲ. ಆಟ, ಸಂಗೀತ, ನೃತ್ಯಗಳ ಕೂಟಗಳಿಗೆ ಹಣ ಒದಗಿಸಿತು. ತಂದೆತಾಯಿಗಳು ಮಕ್ಕಳೊಡನೆ ಹೆಚ್ಚು ಹೊತ್ತು ಕಳೆಯುವಂತೆ ಪ್ರೋತ್ಸಾಹಿಸಿತು. ಚಿಕ್ಕವರು ರಾತ್ರಿ ಹೊತ್ತು ಮೀರಿ ಒಂಟಿಯಾಗಿ ಹೊರಗಿರದಂತೆ ನಿಯಮ ಮಾಡಿತು. ಇಪ್ಪತ್ತು ತುಂಬದವರಿಗೆ ಮದ್ಯ ಮಾರುವಂತಿಲ್ಲ. ಶಾಲೆಗಳಲ್ಲಿ ಸಮೀಕ್ಷೆ ಮತ್ತೆ ಮತ್ತೆ ನಡೆದು, ಫಲಿತಾಂಶ ಊರಿನವರಿಗೂ ತಿಳಿಯುತ್ತಿತ್ತು. 2016ರಲ್ಲಿ ಅದೇ ಶೇಕಡ 42 ಕೇವಲ 5ಕ್ಕೆ ಇಳಿದಿತ್ತು.

ಹಂಟ್ ಮಕ್ಕಳಿಗೆ ಪುಸ್ತಕ ಕೊಟ್ಟರು. ಐಸ್‌ಲ್ಯಾಂಡ್ ಪುಸ್ತಕದ ಜೊತೆಗೆ ಸಂಜೆಗೊಂದು ಆಟದ ಮೈದಾನವನ್ನೂ, ಮನೆಯಲ್ಲಿ ಮಾತಾಡಲು ಜನರನ್ನೂ ಕೊಟ್ಟಿತು. ವಿದ್ಯಾರ್ಥಿಗಳು ಹಿರಿಯರಿಂದ ಇವೆರಡನ್ನೂ ಕೇಳಿ ಪಡೆಯಬೇಕು: ಮರೆಮಾಚದ ನಿಜ, ಮತ್ತು ಬಿಡುವಿನ ವೇಳೆಗೆ ಒಳ್ಳೆಯ ಹವ್ಯಾಸ. ಸ್ನೇಹಿತನೊಬ್ಬ ಲೋಟ ಮುಂದೆ ಹಿಡಿದಾಗ ಬೇಡವೆನ್ನಲು ಹೆದರಿಕೆಗಿಂತ ಇವೇ ಹೆಚ್ಚು ಬಲ ಕೊಡುತ್ತವೆ.