ಅನಿಲೀನ್ ಎಂಬ ಹೆಸರಿನ ಪೂರ್ವಕಥೆ

ಸೇಂದ್ರಿಯ ರಸಾಯನಶಾಸ್ತ್ರದಲ್ಲಿ ಬರುವ ‘ಅನಿಲೀನ್’ ಎಂಬ ಪದವನ್ನು ಕೇಳಿದೊಡನೆ ಕನ್ನಡಿಗರಿಗೆ ‘ಅನಿಲ’ವು ನೆನಪಾಗುವುದು ಸಹಜ. ಆದರೆ ವಾಯುವಾಚಕವಾದ ಆ ಶಬ್ದಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಇದರ ಮೂಲವು ಸಂಸ್ಕೃತದ ‘ನೀಲ’. ಅದು ಪಾರಸಿಯಲ್ಲಿ ‘ನೀಲ್’ ಆಯಿತು; ಅರಬ್ಬರು ತಮ್ಮ ‘ಅಲ್’ ಎಂಬ ಉಪಪದವನ್ನು ಸೇರಿಸಿ ‘ಅನ್ನೀಲ್’ ಎಂದು ಉಚ್ಚರಿಸಿದರು; ಪೋರ್ತುಗೀಸರ ಬಾಯಲ್ಲಿ ‘ಅನಿಲ್’ ಎಂದಾಗಿ ಅದು ನೀಲಿಗೆ ಹೆಸರಾಯಿತು.

ಈ ದ್ರವ್ಯವನ್ನು ಕಂಡವರು ಒಬ್ಬರಲ್ಲ, ನಾಲ್ವರು. 1826ರಲ್ಲಿ ಊನ್‌ಫೆರ್ಡೋರ್ಬೆನ್ ಎಂಬ ಜರ್ಮನ್ ಪಂಡಿತನು ನೀಲಿಯನ್ನು ಬಟ್ಟಿಯಿಳಿಸಿ ಇದನ್ನು ಪಡೆದು ‘ಕ್ರಿಸ್ಟಾಲಿನ್’ ಎಂದು ಕರೆದನು. 1834ರಲ್ಲಿ ರುಂಗೆಯು ಕಲ್ಲಿದ್ದಲಿನ ಟಾರಿನಿಂದ ತೆಗೆದು ‘ಕಿಯಾನೋಲ್’ ಎಂದನು. 1840ರಲ್ಲಿ ಫ್ರಿಟ್ಸ್‌ಷೆಯು ನೀಲಿಯನ್ನು ದಾಹಕ ಪೊಟಾಷಿನೊಡನೆ ಕಾಸಿ ಪಡೆದು ‘ಅನಿಲೀನ್’ ಎಂದು ಹೆಸರಿಟ್ಟನು. 1842ರಲ್ಲಿ ರಷ್ಯದ ಜಿನಿನ್ ನೈಟ್ರೋಬೆನ್ಜೀನಿನಿಂದ ತಯಾರಿಸಿ ‘ಬೆನ್ಜಿಡಾಮ್’ ಎಂದನು. ಇವೆಲ್ಲವೂ ಒಂದೇ ವಸ್ತುವೆಂದು 1843ರಲ್ಲಿ ಹಾಫ್‌ಮನ್ನನು ತೋರಿಸಿಕೊಟ್ಟ ತರುವಾಯ ಫ್ರಿಟ್ಸ್‌ಷೆಯಿಟ್ಟ ಹೆಸರೇ ನಿಂತಿತು.

ಸೋಜಿಗವೆಂದರೆ, ನೀಲದ ಹೆಸರನ್ನು ಹೊತ್ತ ಈ ದ್ರವ್ಯವು ನೀಲಿಯಲ್ಲ. ಶುದ್ಧವಾದಾಗ ಬಣ್ಣವೇ ಇಲ್ಲದ, ಎಣ್ಣೆಯಂತಹ ದ್ರವ. ಆದರೂ ಬಣ್ಣದ ನಂಟು ಅದಕ್ಕೆ ತಪ್ಪಲಿಲ್ಲ. 1856ರಲ್ಲಿ ಲಂಡನ್ನಿನಲ್ಲಿ ಹದಿನೆಂಟು ವರ್ಷದ ಪರ್ಕಿನ್, ಅನಿಲೀನಿನಿಂದ ಕ್ವಿನೈನನ್ನು ಮಾಡಹೊರಟು, ಅದಕ್ಕೆ ಬದಲಾಗಿ ‘ಮಾವ್’ ಎಂಬ ನೇರಿಳೆ ಬಣ್ಣವನ್ನು ಪಡೆದನು. 1865ರಲ್ಲಿ ಜರ್ಮನಿಯಲ್ಲಿ ಸ್ಥಾಪಿತವಾದ ‘ಬಾಡಿಷೆ ಅನಿಲಿನ್ ಉಂಡ್ ಸೋಡಾ ಫಾಬ್ರಿಕ್’ ತನ್ನ ಹೆಸರಿನಲ್ಲಿಯೇ ಈ ಪದವನ್ನು ಧರಿಸಿತು. ಆ ಸಂಸ್ಥೆಯೇ 1897ರಲ್ಲಿ ಕೃತಕ ನೀಲಿಯನ್ನು ಪೇಟೆಗೆ ತಂದಿತು. ಅದರ ಮೊದಲ ವಿಧಾನಕ್ಕೆ ನ್ಯಾಫ್ತಲೀನ್ ಮೂಲವಾಗಿತ್ತು. 1901ರಲ್ಲಿ ಅನಿಲೀನಿನಿಂದಲೇ ನೀಲಿಯನ್ನು ಸುಲಭವಾಗಿ ತಯಾರಿಸುವ ವಿಧಾನವೂ ದೊರೆಯಿತು. ಹೀಗೆ ನೀಲಿಯಿಂದ ಹೆಸರು ಪಡೆದ ವಸ್ತುವೇ ನೀಲಿಗಿಡಕ್ಕೆ ಪ್ರತಿಸ್ಪರ್ಧಿಯಾಯಿತು.

ಇದರ ಪರಿಣಾಮವು ಬಿಹಾರದ ಚಂಪಾರಣ್ಯದವರೆಗೂ ಮುಟ್ಟಿತು. ಅಲ್ಲಿನ ರೈತರು ತಮ್ಮ ಭೂಮಿಯ 20 ಪಾಲಿನಲ್ಲಿ 3 ಪಾಲು ನೀಲಿಯನ್ನೇ ಬೆಳೆಯಬೇಕೆಂಬ ಕಟ್ಟಿಗೆ ಒಳಗಾಗಿದ್ದರು. ಕೃತಕ ನೀಲಿಯಿಂದ ಬೆಲೆ ಕುಸಿಯಲು, ತೋಟದ ದೊರೆಗಳು ರೈತರನ್ನು ಆ ಕಟ್ಟಿನಿಂದ ಬಿಡಿಸುವುದಕ್ಕೆ ಪ್ರತಿಯಾಗಿ ಹೆಚ್ಚಿನ ಗೇಣಿಯನ್ನೋ ಪರಿಹಾರದ ಹಣವನ್ನೋ ವಸೂಲು ಮಾಡಿದರು. ನಷ್ಟವು ದೊರೆಗಳದು, ತೆತ್ತವರು ರೈತರು. 1917ರಲ್ಲಿ ಗಾಂಧಿಯವರು ಅಲ್ಲಿಗೆ ಹೋಗಿ ವಿಚಾರಿಸಿದ ದೂರುಗಳಲ್ಲಿ ಇದೂ ಒಂದು. 1918ರ ಶಾಸನದಿಂದ ಆ ಪದ್ಧತಿಯು ರದ್ದಾಯಿತು.

ನೀಲಿಗಿಡದ ಹೊಲಗಳು ಬಹುಮಟ್ಟಿಗೆ ಮಾಯವಾದುವು. ಅವುಗಳ ಹೆಸರು ಮಾತ್ರ ರಸಾಯನಶಾಸ್ತ್ರದ ಪುಟಗಳಲ್ಲಿ ಇಂದಿಗೂ ಉಳಿದಿದೆ.