ಬೀಗ ತಿಜೋರಿಗೆ, ಗುಟ್ಟು ಲಾಗ್ ಕಡತದಲ್ಲಿ!

ಜಾಲತಾಣವೊಂದಕ್ಕೆ ನೀವು ಕೊಡುವ ಪಾಸ್‌ವರ್ಡ್ ಎಲ್ಲಿಗೆ ಹೋಗುತ್ತದೆ? ವ್ಯವಸ್ಥೆ ಸರಿಯಾಗಿದ್ದರೆ ಅದು ಗಣಿತಸೂತ್ರವೊಂದರ ಮೂಲಕ ಹಾದು, ಮೂಲರೂಪಕ್ಕೆ ಮರಳಿಸಲಾಗದ ಅಕ್ಷರಮಾಲೆಯಾಗಿ ದತ್ತಸಂಚಯದಲ್ಲಿ ಸೇರುತ್ತದೆ. ಇದಕ್ಕೆ ಹ್ಯಾಶಿಂಗ್ ಎಂದು ಹೆಸರು. ದತ್ತಸಂಚಯವನ್ನೇ ಕದ್ದೊಯ್ದರೂ ಕಳ್ಳನಿಗೆ ಪಾಸ್‌ವರ್ಡ್ ಸುಲಭವಾಗಿ ದಕ್ಕದು. ಆದರೆ ಸೂತ್ರಕ್ಕೆ ಒಳಪಡುವ ಮುನ್ನವೇ ಅದು ಬೇರೊಂದು ಕಡತದಲ್ಲಿ ದಾಖಲಾಗಿಬಿಟ್ಟರೆ?

ಆದದ್ದೂ ಹಾಗೆಯೇ. ಹ್ಯಾಶಿಂಗ್ ಪೂರ್ಣಗೊಳ್ಳುವ ಮೊದಲೇ ಪಾಸ್‌ವರ್ಡ್‌ಗಳು ಆಂತರಿಕ ಲಾಗ್‌ನಲ್ಲಿ ದಾಖಲಾಗುತ್ತಿದ್ದವು ಎಂದು ಟ್ವಿಟರ್ ಸಂಸ್ಥೆ 2018ರ ಮೇ 3ರಂದು ಒಪ್ಪಿಕೊಂಡಿತು. ತನ್ನ 33 ಕೋಟಿ ಬಳಕೆದಾರರೂ ಪಾಸ್‌ವರ್ಡ್ ಬದಲಿಸುವುದು ಒಳಿತೆಂದು ಸಲಹೆ ನೀಡಿತು. ಅದೇ ವಾರ ಗಿಟ್‌ಹಬ್ ಕೂಡ ತನ್ನ ಕೆಲವು ಬಳಕೆದಾರರಿಗೆ ಇಂಥದೇ ಸೂಚನೆ ಕಳುಹಿಸಿತ್ತು. ಫೇಸ್‌ಬುಕ್‌ನ ಸಂಗತಿ ಇನ್ನೂ ದೊಡ್ಡದು. ಕೋಟಿಗಟ್ಟಲೆ ಬಳಕೆದಾರರ ಪಾಸ್‌ವರ್ಡ್‌ಗಳು ಸಾದಾ ಅಕ್ಷರಗಳಲ್ಲಿ ಆಂತರಿಕ ವ್ಯವಸ್ಥೆಗಳಲ್ಲಿ ಉಳಿದಿದ್ದುದು 2019ರ ಮಾರ್ಚ್‌ನಲ್ಲಿ ಬಹಿರಂಗವಾಯಿತು. ಈ ಪ್ರಕರಣದಲ್ಲಿ ಐರ್ಲೆಂಡ್‌ನ ದತ್ತಾಂಶ ಸಂರಕ್ಷಣಾ ಆಯೋಗವು 2024ರ ಸೆಪ್ಟೆಂಬರ್‌ನಲ್ಲಿ ಮಾತೃಸಂಸ್ಥೆ ಮೆಟಾಕ್ಕೆ 9.1 ಕೋಟಿ ಯೂರೋ ದಂಡ ವಿಧಿಸಿತು.

ವೆಬ್ ತಂತ್ರಾಂಶವು ತಾನು ಮಾಡಿದ ಕೆಲಸವನ್ನು ಸಾಲುಸಾಲಾಗಿ ಬರೆದಿಡುವ ಕಡತವೇ ಲಾಗ್. ಯಾರು, ಎಷ್ಟು ಹೊತ್ತಿಗೆ, ಯಾವ ಪುಟ ಕೇಳಿದರು, ದೋಷ ಎಲ್ಲಿ ಸಂಭವಿಸಿತು ಎಂಬುದೆಲ್ಲ ಅಲ್ಲಿರುತ್ತದೆ. ವಸತಿ ಸಮುಚ್ಚಯದ ಗೇಟಿನಲ್ಲಿರುವ ರಿಜಿಸ್ಟರ್ ಇದ್ದಂತೆ. ದತ್ತಸಂಚಯಕ್ಕಿರುವ ಕಾವಲು ಇದಕ್ಕಿರುವುದು ಅಪರೂಪ. ತಂತ್ರಜ್ಞರು, ಸಹಾಯವಾಣಿಯವರು, ಕೆಲವೊಮ್ಮೆ ಹೊರಗುತ್ತಿಗೆ ಸಂಸ್ಥೆಯವರೂ ಇದನ್ನು ತೆರೆದು ನೋಡುತ್ತಾರೆ.

ಗುಟ್ಟು ಇಲ್ಲಿಗೆ ಬರುವ ದಾರಿಗಳು ಹಲವು. ಪುಟದ ವಿಳಾಸದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರ ಮಾಹಿತಿಯನ್ನು ಪೋಣಿಸಿ ಕಳುಹಿಸುವುದು ಒಂದು. ಅಪಾಚೆ, ಎಂಜಿನ್‌ಎಕ್ಸ್‌ನಂಥ ಸರ್ವರ್ ತಂತ್ರಾಂಶಗಳು ಸಾಮಾನ್ಯವಾಗಿ ಇಡೀ ವಿಳಾಸವನ್ನೇ ಲಾಗ್‌ಗೆ ಇಳಿಸುತ್ತವೆ. ಸಂಪರ್ಕ ಎಚ್‌ಟಿಟಿಪಿಎಸ್ ಆಗಿದ್ದರೂ ಇದು ತಪ್ಪದು, ಏಕೆಂದರೆ ಗೂಢಲಿಪಿ ದಾರಿಗೆ ಮಾತ್ರ, ತಲುಪಿದ ಮೇಲಲ್ಲ. ದೋಷ ಹುಡುಕುವ ಅವಸರದಲ್ಲಿ ಪ್ರೋಗ್ರಾಮರ್ ಬಂದ ಮಾಹಿತಿಯನ್ನೆಲ್ಲ ಮುದ್ರಿಸುವ ಸಾಲೊಂದನ್ನು ಸೇರಿಸಿ ತೆಗೆಯಲು ಮರೆಯುವುದು ಮತ್ತೊಂದು. ಲಾಗಿನ್ ಆದವರ ಗುರುತನ್ನು ಹೊತ್ತ ಕುಕಿ ಲಾಗ್‌ನಲ್ಲಿದ್ದರಂತೂ, ಅದರ ಅವಧಿ ಮುಗಿಯುವ ತನಕ ಪಾಸ್‌ವರ್ಡ್ ಇಲ್ಲದೆಯೇ ಖಾತೆ ಪ್ರವೇಶಿಸಬಹುದು.

ಬಳಕೆದಾರರ ಕಡೆಯಿಂದಲೂ ಒಂದು ದಾರಿಯಿದೆ. ಬಳಕೆದಾರ ಹೆಸರಿನ ಜಾಗದಲ್ಲಿ ಕೈತಪ್ಪಿ ಪಾಸ್‌ವರ್ಡ್ ಟೈಪಿಸುವುದು. (ಈ ವರದಿಗಾರನೂ ಹಾಗೆ ಮಾಡಿದ್ದುಂಟು.) 'ಇಂಥ ಹೆಸರಿನ ಲಾಗಿನ್ ವಿಫಲ' ಎಂದು ಲಾಗ್ ಬರೆದಿಡುತ್ತದೆ. ಮುಂದಿನ ಸಾಲಿನಲ್ಲಿ ಅದೇ ಕಂಪ್ಯೂಟರಿನಿಂದ ಸರಿಯಾದ ಹೆಸರು ಬರುತ್ತದೆ. ಎರಡನ್ನೂ ಕೂಡಿಸಿದರಾಯಿತು!

ಪರಿಹಾರವಾಗಿ ಹೆಚ್ಚಿನವರು ನಂಬುವುದು ಸೋಸುವಿಕೆಯನ್ನು. 'ಪಾಸ್‌ವರ್ಡ್' ಎಂಬ ಹೆಸರಿನ ಅಂಕಣ ಕಂಡರೆ ಮರೆಮಾಡುವ ಸೌಲಭ್ಯ ರೂಬಿ ಆನ್ ರೈಲ್ಸ್‌ನಂಥ ಚೌಕಟ್ಟುಗಳಲ್ಲೇ ಇದೆ. ಉಪಯುಕ್ತವೇ ಸರಿ. ಆದರೆ ನಾಳೆ ಯಾರೋ 'ಗುಪ್ತಪದ' ಎಂದು ಹೊಸ ಅಂಕಣ ಮಾಡಿದರೆ ಜರಡಿ ಅದನ್ನು ಹಿಡಿಯದು. ಏನನ್ನು ಅಳಿಸಬೇಕೆಂದು ಪಟ್ಟಿ ಮಾಡುವುದಕ್ಕಿಂತ ಏನನ್ನು ಬರೆಯಬಹುದೆಂದು ಪಟ್ಟಿ ಮಾಡಿ, ಉಳಿದುದನ್ನು ಬರೆಯದಿರುವುದೇ ಭದ್ರವಾದ ಕ್ರಮ.

ಮೊಬೈಲ್ ಸಂಖ್ಯೆಯನ್ನು ಹ್ಯಾಶ್ ಮಾಡಿ ಬರೆದರೆ ಸಾಕೆಂಬ ವಾದವೂ ನಿಲ್ಲದು. ನಮ್ಮ ದೇಶದ ಮೊಬೈಲ್ ಸಂಖ್ಯೆ 10 ಅಂಕಿಯದು, ಆರಂಭ 6ರಿಂದ 9ರೊಳಗಿನ ಅಂಕಿಯಿಂದ. ಅಂದರೆ ಹೆಚ್ಚೆಂದರೆ 400 ಕೋಟಿ ಸಾಧ್ಯತೆಗಳು. ಸರಳ ಹ್ಯಾಶ್ ಆದರೆ ಅಷ್ಟನ್ನೂ ಲೆಕ್ಕ ಹಾಕಿ ತಾಳೆ ನೋಡುವುದು ಇಂದಿನ ಕಂಪ್ಯೂಟರಿಗೆ ದೊಡ್ಡ ಕೆಲಸವಲ್ಲ. ಗುಪ್ತಕೀಲಿ ಬೆರೆಸಿದ ಹ್ಯಾಶ್, ಇಲ್ಲವೇ ಖಾತೆಗೆ ಸಂಸ್ಥೆಯೇ ಕೊಟ್ಟ ಆಂತರಿಕ ಕ್ರಮಸಂಖ್ಯೆ ಬಳಸುವುದು ಮೇಲು. ಇನ್ನು ಕಾರ್ಡಿನ ಸಿವಿವಿ ಸಂಖ್ಯೆಯನ್ನು ಪಾವತಿಗೆ ಅನುಮೋದನೆ ದೊರೆತ ಬಳಿಕ ವ್ಯಾಪಾರಿಗಳು ಎಲ್ಲಿಯೂ ಉಳಿಸಿಕೊಳ್ಳುವಂತಿಲ್ಲ ಎಂಬುದು ಕಾರ್ಡ್ ಉದ್ಯಮದ ಪಿಸಿಐ ಮಾನದಂಡ. ಲಾಗ್ ಕಡತವೂ ಇದಕ್ಕೆ ಹೊರತಲ್ಲ.

ಪರೀಕ್ಷಿಸುವ ಸುಲಭೋಪಾಯವೊಂದಿದೆ. ಬೇರೆಲ್ಲೂ ಇರಲಾರದಂಥ ವಿಚಿತ್ರ ಪಾಸ್‌ವರ್ಡ್ ಕೊಟ್ಟು ಖಾತೆ ತೆರೆದು, ಲಾಗಿನ್ ಆಗಿ, ಬೇಕೆಂದೇ ದೋಷಗಳನ್ನೂ ಉಂಟುಮಾಡಿ, ನಂತರ ಎಲ್ಲ ಲಾಗ್‌ಗಳಲ್ಲಿ ಆ ಪದವನ್ನು ಹುಡುಕುವುದು. ಒಂದೆಡೆ ಸಿಕ್ಕರೂ ಸೋರಿಕೆ ಖಚಿತ. ಆಗ ಮೂಲ ಕಡತ ಅಳಿಸಿದರೆ ಸಾಲದು. ಬ್ಯಾಕಪ್‌ನಲ್ಲಿ, ಲಾಗ್ ಸಂಗ್ರಹಿಸುವ ಹೊರಗಿನ ಸೇವೆಗಳಲ್ಲಿ ಪ್ರತಿಗಳಿರುತ್ತವೆ.

ಲಾಗ್ ಇಡುವುದನ್ನೇ ನಿಲ್ಲಿಸೋಣವೆಂದರೆ ಕಾನೂನು ಬಿಡದು. ಸಂಸ್ಥೆಗಳು 180 ದಿನಗಳ ಲಾಗ್ ಕಾಪಾಡಬೇಕೆಂದು ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರಂದು ನಿರ್ದೇಶಿಸಿದೆ. ಇತ್ತ, ವೈಯಕ್ತಿಕ ದತ್ತಾಂಶಕ್ಕೆ ಸೂಕ್ತ ಭದ್ರತೆ ಒದಗಿಸದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅವಕಾಶ ನೀಡುತ್ತದೆ.

ಓದುಗರು ಮಾಡಬಹುದಾದದ್ದು ಇಷ್ಟು: ಹೆಸರಿನ ಜಾಗದಲ್ಲಿ ಪಾಸ್‌ವರ್ಡ್ ಟೈಪಿಸಿ ಎಂಟರ್ ಒತ್ತಿದ್ದರೆ ಅಂದೇ ಅದನ್ನು ಬದಲಿಸಿ. ಅದೇ ಪಾಸ್‌ವರ್ಡನ್ನು ಬೇರೆ ತಾಣಗಳಲ್ಲಿ ಬಳಸಿದ್ದರೆ ಅಲ್ಲಿಯೂ ಬದಲಿಸಿ.