ಸರಪಳಿಯ ಸದ್ದು

ದೆವ್ವದ ಕಥೆ ಹೇಳುವವರು ಹಲವರು. ಕೇಳುವವನು ಬೆನ್ನ ಹಿಂದೆ ತಿರುಗಿ ನೋಡುವಂತೆ ಹೇಳಬಲ್ಲವರು ಕೆಲವರೇ. ಅಂಥ ಒಬ್ಬ, ರೋಮಿನ ವಕೀಲನಾಗಿದ್ದ ಕಿರಿಯ ಪ್ಲಿನಿ. ಕ್ರಿ.ಶ. 100ರ ಆಸುಪಾಸಿನಲ್ಲಿ ಗೆಳೆಯನೊಬ್ಬನಿಗೆ ಬರೆದ ಕಾಗದದಲ್ಲಿ, ದೆವ್ವಗಳು ಉಂಟೋ ಇಲ್ಲವೋ ಎಂದು ವಿಚಾರಿಸುತ್ತ, ಮೂರು ಕಥೆಗಳನ್ನು ಹೇಳಿದ್ದಾನೆ.

ಎರಡನೆಯದು ಅಥೆನ್ಸಿನ ಒಂದು ಮನೆಯ ಕಥೆ. ಇರುಳಿನಲ್ಲಿ ಮೊದಲು ದೂರದಲ್ಲೆಲ್ಲೋ ಕಬ್ಬಿಣದ ಸದ್ದು, ಬರಬರುತ್ತ ಹತ್ತಿರ, ಆಮೇಲಷ್ಟೆ, ಕೈಕಾಲಿಗೆ ಬೇಡಿ ಸರಪಳಿ ತೊಟ್ಟ ಮುದುಕನ ರೂಪ. ಕಣ್ಣಿಗಿಂತ ಮೊದಲು ಕಿವಿ ಹೆದರಬೇಕೆಂಬುದನ್ನು ಪ್ಲಿನಿ ಬಲ್ಲ. ಮನೆ ಪಾಳುಬಿತ್ತು. ಊರಿಗೆ ಬಂದ ಅಥೆನೊಡೋರಸ್ ಎಂಬ ತತ್ತ್ವಜ್ಞಾನಿ ಬೆಲೆ ಇಷ್ಟು ಅಗ್ಗವೇಕೆಂದು ಸಂದೇಹಪಟ್ಟ. (ಬಾಡಿಗೆ ಮನೆಗಾಗಿ ಅಲೆದವರಿಗೆ ಈ ಸಂದೇಹವನ್ನು ವಿವರಿಸಬೇಕಾಗಿಲ್ಲ.) ನಿಜ ತಿಳಿದ ಮೇಲೂ ಮನೆ ಹಿಡಿದ. ರಾತ್ರಿ ಆಳುಗಳನ್ನು ಒಳಗೆ ಕಳಿಸಿ, ದೀಪವಿಟ್ಟುಕೊಂಡು ಬರೆಯುತ್ತ ಕುಳಿತ. ಆ ರೂಪ ಬಂದು ಬೆರಳಿನಿಂದ ಕರೆಯಿತು. ಸ್ವಲ್ಪ ತಾಳು ಎಂದು ಕೈಸನ್ನೆ ಮಾಡಿ ಅವನು ಬರವಣಿಗೆ ಮುಂದುವರಿಸಿದ! ಇಡೀ ಕಥೆಯನ್ನು ನಂಬಿಸುವುದು ಈ ಒಂದು ಕೈಸನ್ನೆ. ಅದು ಅವನ ತಲೆಯ ಮೇಲೆಯೇ ಸರಪಳಿ ಕುಲುಕಿದಾಗ ದೀಪ ಹಿಡಿದು ಹಿಂದೆ ನಡೆದ. ಅಂಗಳದಲ್ಲಿ ಅದು ಮಾಯವಾಯಿತು. ಅಲ್ಲಿ ಹುಲ್ಲು, ಎಲೆ ಕಿತ್ತಿಟ್ಟು ಗುರುತು ಮಾಡಿದ. ಮರುದಿನ ಅಧಿಕಾರಿಗಳು ಅಗೆಸಿದರೆ, ಸರಪಳಿಯಲ್ಲಿ ತೊಡರಿಕೊಂಡ ಎಲುಬುಗಳು. ಅವಕ್ಕೆ ಸಂಸ್ಕಾರವಾದ ಮೇಲೆ ಸದ್ದು ನಿಂತಿತು.

ಮೂರನೆಯದು ಪ್ಲಿನಿಯ ಮನೆಯಲ್ಲೇ ನಡೆದದ್ದು, ಆದರೂ ಸಪ್ಪೆ. ಮಲಗಿದ್ದ ಸೇವಕರ ಕೂದಲನ್ನು ರಾತ್ರಿ ಯಾರೋ ಕತ್ತರಿಸಿದರಂತೆ. 96ರಲ್ಲಿ ಕೊಲೆಯಾದ ಚಕ್ರವರ್ತಿ ಡೊಮಿಷಿಯನ್ನನ ಕಾಗದಪತ್ರಗಳಲ್ಲಿ ತನ್ನ ಮೇಲಿನ ದೂರೊಂದು ಸಿಕ್ಕಿತು, ಆಪಾದಿತರು ಕೂದಲು ಬೆಳೆಸುವುದು ರೂಢಿ, ಆದ್ದರಿಂದ ಕತ್ತರಿಸಿದ್ದು ಗಂಡಾಂತರ ಕಳೆದ ಸೂಚನೆ ಎಂದು ವಕೀಲ ವಾದಿಸುತ್ತಾನೆ. ಅರ್ಥ ಹೇಳಿದೊಡನೆ ದೆವ್ವ ಓಡಿಹೋಯಿತು. ಉಳಿದದ್ದು ಚಕ್ರವರ್ತಿಯ ಭಯ.

ಅಥೆನ್ಸಿನ ಮುದುಕನ ವಿಷಯದಲ್ಲಿ ಮಾತ್ರ ಅವನು ವಾದಿಸುವುದಿಲ್ಲ. ಅವನು ಗುಲಾಮನೋ, ಸೆರೆಯಾಳೋ? ಬೇಡಿ ಕಳಚದೆ ಅಂಗಳದಲ್ಲಿ ಹೂತವರಾರು? ಆಗಿನ ಯಜಮಾನನ ಹೆಸರೂ ಇಲ್ಲ. ಪ್ಲಿನಿಗೆ ಸರಪಳಿಯ ಅರ್ಥ ತಿಳಿಯದೆ ಇರಲಿಲ್ಲ. ಜಮೀನು ಕೊಳ್ಳುವ ಬಗೆಗಿನ ಇನ್ನೊಂದು ಕಾಗದದಲ್ಲಿ, ತಾನು ಎಲ್ಲಿಯೂ ಸರಪಳಿ ಹಾಕಿದ ಗುಲಾಮರನ್ನು ಇಟ್ಟುಕೊಂಡಿಲ್ಲವೆಂದು ಅವನೇ ಬರೆದಿದ್ದಾನೆ.